ಅರಿಶಿನವೂ ಮದ್ದು, ಬೂಷ್ಟೂ ಮದ್ದು

ಮಕ್ಕಳೇ, ಆಟವಾಡುವಾಗ ಬಿದ್ದು ಮಂಡಿ ತರಚಿಕೊಂಡು ಮನೆಗೆ ಹೋದಿರಿ ಎನ್ನಿ. ಅಜ್ಜಿ ಒಂದು ಚಿಟಿಕೆ ಅರಿಶಿನ ತಂದು ಗಾಯಕ್ಕೆ ಒತ್ತುತ್ತಾರೆ. ಅದೇ ಗಾಯ ಬಾತು, ಕೀವು ತುಂಬಿ, ಜ್ವರ ಬಂದರೆ ಆಸ್ಪತ್ರೆಯಲ್ಲಿ ವೈದ್ಯರು ಮಾತ್ರೆ ಬರೆದುಕೊಡುತ್ತಾರೆ. "ಇಂಗ್ಲಿಷ್ ಮಾತ್ರೆ ಹೀಟು, ಅರಿಶಿನದ ಹಾಲು ಕುಡಿ ಸಾಕು" ಎಂದು ಒಬ್ಬರು ಹೇಳಿದರೆ, "ಅರಿಶಿನದಲ್ಲಿ ಏನಿದೆ, ಎಲ್ಲಾ ಮೂಢನಂಬಿಕೆ" ಎಂದು ಇನ್ನೊಬ್ಬರು ಹೇಳುತ್ತಾರೆ. ಯಾರ ಮಾತು ಸರಿ?

ಮೊದಲು ಎದುರಾಳಿಯ ಪರಿಚಯ ಮಾಡಿಕೊಳ್ಳೋಣ. ಬ್ಯಾಕ್ಟೀರಿಯಾ ಒಂದೇ ಜೀವಕೋಶದ ಜೀವಿ. ಹಾಲನ್ನು ಮೊಸರು ಮಾಡುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಇವೆ, ರೋಗ ತರುವಂಥವೂ ಇವೆ. ತೇವ, ಆಹಾರ, ಬೆಚ್ಚನೆಯ ಜಾಗ ಸಿಕ್ಕರೆ ಕೆಲವು ಬಗೆಯವು ಸುಮಾರು 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಅಂದರೆ ಗಂಟೆಗೆ ಮೂರು ಬಾರಿ, 10 ಗಂಟೆಗೆ 30 ಬಾರಿ. ಒಂದರಿಂದ ಆರಂಭಿಸಿ 30 ಬಾರಿ ಇಮ್ಮಡಿಸಿ ನೋಡಿ. 107 ಕೋಟಿ ದಾಟುತ್ತದೆ! ನಮ್ಮ ದೇಹದ ಬಿಳಿ ರಕ್ತಕಣಗಳು ಇವನ್ನು ಹಿಡಿದು ನುಂಗುತ್ತಿರುವುದರಿಂದ ಇಷ್ಟೊಂದು ಬೆಳೆಯಲು ಸಾಮಾನ್ಯವಾಗಿ ಬಿಡುವುದಿಲ್ಲ.

ಈಗ ಮನೆಮದ್ದಿಗೆ ಬರೋಣ. ಮಾವಿನಕಾಯಿ ಹೋಳಿಗೆ ಉಪ್ಪು ಹಾಕಿಟ್ಟರೆ ಸ್ವಲ್ಪ ಹೊತ್ತಿಗೆ ನೀರು ಬಿಟ್ಟುಕೊಳ್ಳುತ್ತದೆ, ನೋಡಿದ್ದೀರಲ್ಲ? ಉಪ್ಪು ಹೋಳಿನ ಜೀವಕೋಶಗಳಿಂದ ನೀರನ್ನು ಹೊರಕ್ಕೆ ಎಳೆಯುತ್ತದೆ. ಜೇನುತುಪ್ಪದಲ್ಲಿ ಸಕ್ಕರೆ ಬಹಳ, ನೀರು ಬಹಳ ಕಡಿಮೆ. ಅದರಲ್ಲಿ ಬಿದ್ದ ಬ್ಯಾಕ್ಟೀರಿಯಾದ ಗತಿಯೂ ಮಾವಿನ ಹೋಳಿನದ್ದೇ. ಜೊತೆಗೆ ಜೇನು ಆಮ್ಲೀಯ. ನೀರು ಬೆರೆತಾಗ ಅದರಲ್ಲಿ ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಉಂಟಾಗುತ್ತದೆ. ಆದ್ದರಿಂದಲೇ ಶುದ್ಧೀಕರಿಸಿದ ಜೇನನ್ನು ಸುಟ್ಟಗಾಯದ ಪಟ್ಟಿಗಳಲ್ಲಿ ಆಸ್ಪತ್ರೆಯವರೂ ಬಳಸುವುದುಂಟು. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬಾರದು. ಜೇನಿನಲ್ಲಿ ಸಾಯದೆ ಮಲಗಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಎಳೆಗೂಸಿನ ಕರುಳಿನಲ್ಲಿ ಎಚ್ಚರಗೊಂಡು ವಿಷ ಉಂಟುಮಾಡಬಲ್ಲವು. ಹುಟ್ಟಿದ ಕೂಸಿಗೆ ಜೇನು ಮುಟ್ಟಿಸುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಇದನ್ನು ದೊಡ್ಡವರಿಗೆ ಓದಿ ಹೇಳಿ.

ಅರಿಶಿನದ ಹಳದಿ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್ ಎಂಬ ವಸ್ತು. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಅದು ಹಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತದೆ. ಅಜ್ಜಿಯ ಮಾತಿನಲ್ಲಿ ಹುರುಳಿದೆ. ಆದರೆ ಅರಿಶಿನದ ಹಾಲು ಕುಡಿದರೆ ಏನಾಗುತ್ತದೆ? ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಕಷ್ಟ. ಕರುಳಿನಿಂದ ರಕ್ತಕ್ಕೆ ಸೇರುವುದು ಅತಿ ಸ್ವಲ್ಪ, ಸೇರಿದ್ದನ್ನೂ ಯಕೃತ್ತು ಬೇಗ ಬೇರೆ ರೂಪಕ್ಕೆ ಬದಲಾಯಿಸಿಬಿಡುತ್ತದೆ. ಶ್ವಾಸಕೋಶದಲ್ಲಿ ಕುಳಿತ ಬ್ಯಾಕ್ಟೀರಿಯಾವನ್ನು ಕೊಲ್ಲುವಷ್ಟು ಅಲ್ಲಿಗೆ ತಲುಪುವುದಿಲ್ಲ. ಬಿಸಿ ಹಾಲು ಗಂಟಲಿಗೆ ಹಿತ ನೀಡುತ್ತದೆ, ಕುಡಿಯಿರಿ. ನ್ಯುಮೋನಿಯಾಕ್ಕೆ ಅದು ಮದ್ದಲ್ಲ.

ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೊಲ್ಲುವುದು ದೊಡ್ಡ ಸಾಹಸವೇನಲ್ಲ. ಕುದಿಯುವ ನೀರಿಗೂ ಸಾಯುತ್ತದೆ, ಫಿನಾಯಿಲಿಗೂ ಸಾಯುತ್ತದೆ. ಹಾಗೆಂದು ಫಿನಾಯಿಲ್ ಕುಡಿಯಲಾದೀತೇ? ದೇಹದೊಳಗೆ, ರೋಗಾಣು ಇರುವ ಜಾಗಕ್ಕೇ ತಲುಪಿ, ನಮ್ಮ ಜೀವಕೋಶಗಳಿಗೆ ಹಾನಿ ಮಾಡದೆ ಅದನ್ನು ಮಾತ್ರ ಕೊಲ್ಲಬೇಕು. ಕಷ್ಟವಿರುವುದು ಅಲ್ಲಿ.

ಈ ಕಷ್ಟವನ್ನು ಚೆನ್ನಾಗಿ ಕಂಡವರು ಅಲೆಗ್ಸಾಂಡರ್ ಫ್ಲೆಮಿಂಗ್. ಮೊದಲನೆಯ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನಲ್ಲಿ ಗಾಯಾಳು ಸೈನಿಕರ ಆಸ್ಪತ್ರೆಯಲ್ಲಿದ್ದರು. ಆಗ ಆಳವಾದ ಗಾಯಗಳಿಗೆ ಖಾರವಾದ ನಂಜುನಿವಾರಕ ದ್ರಾವಣ ಸುರಿಯುತ್ತಿದ್ದರು. ಫ್ಲೆಮಿಂಗ್ ಒಂದು ಗಾಜಿನ ನಳಿಕೆಯನ್ನು ಕಾಯಿಸಿ, ಅದಕ್ಕೆ ಮುಳ್ಳುಗಳಂಥ ಟೊಳ್ಳು ಚಾಚುಗಳನ್ನು ಎಳೆದರು. ಗುಂಡು ಹೊಕ್ಕ ಗಾಯದ ಸಂದುಗೊಂದುಗಳು ಹಾಗೆಯೇ ಇರುತ್ತವಲ್ಲ! ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನಂಜುನಿವಾರಕದಿಂದ ತೊಳೆದರೆ ಸಂದುಗಳಲ್ಲಿದ್ದವು ಉಳಿದುಕೊಂಡು ಮತ್ತೆ ಬೆಳೆದವು. ಸಾಲದ್ದಕ್ಕೆ ಆ ದ್ರಾವಣಗಳು ರೋಗಾಣುವಿಗಿಂತ ಮೊದಲು ನಮ್ಮ ಬಿಳಿ ರಕ್ತಕಣಗಳನ್ನೇ ಕೊಲ್ಲುತ್ತಿದ್ದವು.

1928ರಲ್ಲಿ ಇದೇ ಫ್ಲೆಮಿಂಗ್ ಲಂಡನ್ನಿನಲ್ಲಿ ರಜೆ ಮುಗಿಸಿ ಪ್ರಯೋಗಾಲಯಕ್ಕೆ ಬಂದಾಗ ಬ್ಯಾಕ್ಟೀರಿಯಾ ಬೆಳೆಸಿದ್ದ ಒಂದು ತಟ್ಟೆಗೆ ಬೂಷ್ಟು ಹಿಡಿದಿತ್ತು. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಕರಗಿಹೋಗಿತ್ತು. ಆ ಪೆನಿಸಿಲಿಯಂ ಬೂಷ್ಟು ಸ್ರವಿಸಿದ ವಸ್ತುವಿಗೆ ಅವರು ಪೆನಿಸಿಲಿನ್ ಎಂದು ಹೆಸರಿಟ್ಟರು. ಬ್ಯಾಕ್ಟೀರಿಯಾದ ಸುತ್ತ ಗಟ್ಟಿಯಾದ ಕೋಶಭಿತ್ತಿ ಇದೆ. ಪೆನಿಸಿಲಿನ್ ಆ ಗೋಡೆ ಕಟ್ಟುವ ಗಾರೆಯವನ ಕೈ ಹಿಡಿದುಬಿಡುತ್ತದೆ. ದುರ್ಬಲ ಗೋಡೆಯ ಬ್ಯಾಕ್ಟೀರಿಯಾ ನೀರು ಹೀರಿ ಒಡೆಯುತ್ತದೆ. ನಮ್ಮ ಜೀವಕೋಶಗಳಿಗೋ ಕೋಶಭಿತ್ತಿಯೇ ಇಲ್ಲ! ಆದ್ದರಿಂದ ಈ ಪೆಟ್ಟು ನಮಗೆ ತಗುಲುವುದಿಲ್ಲ. (ಕೆಲವರಿಗೆ ಪೆನಿಸಿಲಿನ್ ಅಲರ್ಜಿ ಆಗುವುದುಂಟು, ಅದು ಬೇರೆ ಮಾತು.)

1940ರಲ್ಲಿ ಆಕ್ಸ್‌ಫರ್ಡಿನಲ್ಲಿ ಫ್ಲೋರಿ, ಚೈನ್ ಮತ್ತು ಸಂಗಡಿಗರು ಎಂಟು ಇಲಿಗಳಿಗೆ ಮಾರಕ ಬ್ಯಾಕ್ಟೀರಿಯಾ ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಮರುದಿನ ಬೆಳಿಗ್ಗೆ ಆ ನಾಲ್ಕು ಬದುಕಿದ್ದವು, ಉಳಿದ ನಾಲ್ಕು ಸತ್ತಿದ್ದವು. 1941ರ ಫೆಬ್ರುವರಿಯಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸ್ ಪೇದೆಗೆ ಅದನ್ನು ಕೊಟ್ಟರು. ಸೋಂಕಿನಿಂದ ಒಂದು ಕಣ್ಣು ಕಳೆದುಕೊಂಡಿದ್ದ ಆತ ಕೆಲವೇ ದಿನಗಳಲ್ಲಿ ಚೇತರಿಸಿಕೊಂಡ. ಆದರೆ ಔಷಧಿ ಮುಗಿದುಹೋಯಿತು. ಆತನ ಮೂತ್ರದಿಂದ ಪೆನಿಸಿಲಿನ್ ಸೋಸಿ ತೆಗೆದು ಮತ್ತೆ ಕೊಟ್ಟರೂ ಸಾಲಲಿಲ್ಲ. ಸೋಂಕು ಮರುಕಳಿಸಿ ಆತ ಮಾರ್ಚಿನಲ್ಲಿ ತೀರಿಕೊಂಡ. ಒಳ್ಳೆಯ ಮದ್ದು ಕೈಯಲ್ಲಿದ್ದೂ ಪ್ರಮಾಣ ಸಾಲದೆ ಹೋಯಿತು.

ಇನ್ನೊಂದು ವಿಚಿತ್ರ ನೋಡಿ. ಮೊದಲ ಮಳೆ ಬಿದ್ದಾಗ ಘಮ್ಮೆಂದು ಮಣ್ಣಿನ ವಾಸನೆ ಬರುತ್ತದಲ್ಲ? ಅದಕ್ಕೆ ಮುಖ್ಯ ಕಾರಣ ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು. ಕ್ಷಯರೋಗಕ್ಕೆ ಮೊದಲ ಪರಿಣಾಮಕಾರಿ ಪ್ರತಿಜೈವಿಕವಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಇದೇ ಕುಲದಿಂದ. ಒಂದು ಬೂಷ್ಟಿನದು, ಇನ್ನೊಂದು ಮಣ್ಣಿನದು. ಹಾಗಾದರೆ ನೈಸರ್ಗಿಕ ಯಾವುದು, ಇಂಗ್ಲಿಷ್ ಮದ್ದು ಯಾವುದು? ಹೆಸರಿನ ಈ ಜಗಳದಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಎಷ್ಟು ಕೊಟ್ಟರೆ ಎಲ್ಲಿಗೆ ತಲುಪುತ್ತದೆ ಎಂದು ಅಳೆದು ನೋಡಿದ್ದಾರೆಯೇ ಎಂದು ಕೇಳಬೇಕು. ಹಾಗೆಂದು ಬೂಷ್ಟು ಹಿಡಿದ ಬ್ರೆಡ್ಡು ತಿಂದೀರಿ, ಜೋಕೆ! ಎಷ್ಟೋ ಬೂಷ್ಟುಗಳು ವಿಷ ಸ್ರವಿಸುತ್ತವೆ.

ತರಚು ಗಾಯಕ್ಕೆ ಮೊದಲ ಮದ್ದು ಸೋಪು ಮತ್ತು ಶುದ್ಧ ನೀರು. ಅಂಗಡಿಯ ಅರಿಶಿನಕ್ಕೆ ಬಣ್ಣ ಬೆರೆಸುವವರೂ ಇದ್ದಾರೆ, ಆದ್ದರಿಂದ ತೊಳೆಯುವುದೇ ಮೇಲು. ಮಣ್ಣು, ಸಗಣಿ ಮಾತ್ರ ಹಚ್ಚಲೇಬೇಡಿ. ಧನುರ್ವಾಯುವಿನ ಬೀಜಕಗಳು ಇರುವುದೇ ಅಲ್ಲಿ. ಗಾಯದ ಕೆಂಪು ಹರಡುತ್ತಿದ್ದರೆ, ಕೀವು ಜ್ವರ ಬಂದರೆ, ತಮ್ಮನೋ ತಂಗಿಯೋ ಕೆಮ್ಮುತ್ತಾ ಬೇಗಬೇಗ ಉಸಿರಾಡುತ್ತಾ ಎದೆಗೂಡು ಒಳಸೆಳೆಯುತ್ತಿದ್ದರೆ ಕಷಾಯ ಕಾಯಿಸುತ್ತಾ ಕೂರದೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ನೆಗಡಿಗೆ ಪ್ರತಿಜೈವಿಕ ಬೇಡ. ನೆಗಡಿ ತರುವುದು ವೈರಸ್, ಅದಕ್ಕೆ ಒಡೆಯಲು ಆ ಗೋಡೆಯೇ ಇಲ್ಲ. ಸುಮ್ಮಸುಮ್ಮನೆ ನುಂಗಿದರೆ ದೇಹದಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ದುರ್ಬಲವಾದವು ಸತ್ತು, ಮದ್ದಿಗೆ ಬಗ್ಗದವು ಉಳಿದು ಬೆಳೆಯುತ್ತವೆ. ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಈ ಅಪಾಯವನ್ನು ಎಚ್ಚರಿಸಿದ್ದರು. ವೈದ್ಯರು ಎಷ್ಟು ದಿನ ಹೇಳಿದ್ದಾರೋ ಅಷ್ಟು ದಿನ ನುಂಗಬೇಕು. ಸಾಮಾನ್ಯ ಕ್ಷಯಕ್ಕೆ ಅದು ಆರು ತಿಂಗಳು. ಅಣ್ಣನಿಗೆ ಕೊಟ್ಟು ಉಳಿದ ಮಾತ್ರೆ ತಂಗಿಗಲ್ಲ.

ಒಂದು ಚಟುವಟಿಕೆ: ಮನೆಯಲ್ಲಿರುವ ಖಾಲಿ ಮಾತ್ರೆ ಪಟ್ಟಿಗಳನ್ನು ದೊಡ್ಡವರ ಎದುರಿನಲ್ಲಿ ನೋಡಿ. ಕೆಲವುಗಳ ಹಿಂಬದಿಯಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧಿ ಎಂಬುದರ ಗುರುತು ಅದು. ಇದರ ಬಗ್ಗೆ ಸರ್ಕಾರ 2016ರಲ್ಲಿ ಜಾಗೃತಿ ಆಂದೋಲನ ನಡೆಸಿತು. ಗೆರೆ ಇರುವುದೆಷ್ಟು, ಇಲ್ಲದಿರುವುದೆಷ್ಟು, ಅವನ್ನು ಚೀಟಿ ತೋರಿಸಿ ತಂದದ್ದೋ ಹಾಗೇ ಕೇಳಿ ತಂದದ್ದೋ ಎಂದು ಮನೆಯವರನ್ನು ವಿಚಾರಿಸಿ ಪಟ್ಟಿ ಮಾಡಿ, ತರಗತಿಯಲ್ಲಿ ನಿಮ್ಮ ಶಿಕ್ಷಕರಿಗೆ ತೋರಿಸಿ.