ನಿಮಗಿದು ಗೊತ್ತೇ? ಲಕಮನಹಳ್ಳಿಯಲ್ಲಿ ಕೂತೂ ಮೀನು ರಫ್ತು ಮಾಡಬಹುದು!

● ಧಾರವಾಡದ ಲಕಮನಹಳ್ಳಿ ಅಂದರೆ ಕೈಗಾರಿಕಾ ವಸಾಹತು, ಹಾಲು ಒಕ್ಕೂಟದ ಡೇರಿ, ಪಿ.ಬಿ. ರಸ್ತೆ. ಸಮುದ್ರ ನೋಡಬೇಕೆಂದರೆ ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯಬೇಕು. ಆದರೂ ಇಲ್ಲೊಂದು ಕೋಣೆಯ ಕಚೇರಿ ಇಟ್ಟುಕೊಂಡವರು ಮೀನು ರಫ್ತುದಾರರಾಗಲು ಕಾನೂನಿನ ಅಡ್ಡಿಯಿಲ್ಲ. ಸ್ವಂತ ಕಾರ್ಖಾನೆಯಿಲ್ಲದೆ, ಮಾನ್ಯತೆ ಪಡೆದ ಬೇರೆಯವರ ಘಟಕದಲ್ಲಿ ತಯಾರಾದ ಮಾಲು ಕಳಿಸುವವರಿಗೆ ‘ಮರ್ಚೆಂಟ್ ಎಕ್ಸ್‌ಪೋರ್ಟರ್’ ಎಂಬ ಪ್ರತ್ಯೇಕ ವರ್ಗವೇ ಇದೆ. ಮೊದಲು ಬೇಕಾದದ್ದು ಎರಡು: ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಐಇಸಿ (ಆಮದು–ರಫ್ತು ಕೋಡ್) ಮತ್ತು ಎಂಪೆಡಾ ನೋಂದಣಿ. ಐಇಸಿ ಸಂಖ್ಯೆ ಈಗ ನಿಮ್ಮ ಪ್ಯಾನ್ ಸಂಖ್ಯೆಯೇ. ಅರ್ಜಿಗೆ 500 ರೂಪಾಯಿ.

● ಎಂಪೆಡಾ ಅಂದರೆ ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ. 1972ರ ಕಾಯ್ದೆಯಡಿ ಹುಟ್ಟಿದ್ದು, ಕೇಂದ್ರ ಕಚೇರಿ ಕೊಚ್ಚಿಯಲ್ಲಿ. ಅದು ರಫ್ತುದಾರರ ಹೆಸರು ಬರೆದುಕೊಂಡು ಸುಮ್ಮನಾಗುವುದಿಲ್ಲ. ಮೀನುಗಾರಿಕೆ ಬೋಟು, ಸಂಸ್ಕರಣಾ ಘಟಕ, ದಾಸ್ತಾನು ಕೊಠಡಿ, ಮೀನು ಸಾಗಿಸುವ ವಾಹನ ಎಲ್ಲವೂ ಅದರ ಪುಸ್ತಕದಲ್ಲಿರಬೇಕು. ರಫ್ತು ಶುರುವಾಗುವುದು ಬಂದರಿನಲ್ಲಲ್ಲ, ಬೋಟಿನಲ್ಲಿ. ಈ ವ್ಯಾಪಾರಕ್ಕೆ ಇಳಿಯುವವರು ಬೇರೆ ಏನು ಮರೆತರೂ ಇದನ್ನು ಮರೆಯಬಾರದು.

● 2024-25ರಲ್ಲಿ ಭಾರತ ಹೊರಗೆ ಕಳಿಸಿದ ಮೀನು, ಸಿಗಡಿ ಇತ್ಯಾದಿ 16.98 ಲಕ್ಷ ಟನ್. ಬೆಲೆ 62,408 ಕೋಟಿ ರೂಪಾಯಿ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ದುಡ್ಡು ತಂದದ್ದು ಶೀತಲೀಕರಿಸಿದ ಸಿಗಡಿಯೊಂದೇ.

● ಐಸು ಹಾಕುವುದು ತಡವಾದರೆ ಏನಾಗುತ್ತದೆ? ಬಂಗುಡೆ, ಟ್ಯೂನಾದಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಸಹಜವಾಗಿಯೇ ಹೆಚ್ಚು. ಹಿಡಿದ ಮೀನು ಬಿಸಿಲಲ್ಲಿ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಮಾಡಿಬಿಡುತ್ತವೆ. ತಿಂದವರ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಮೈಮೇಲೆ ದದ್ದು ಏಳುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹೋಗದು, ಹುರಿದರೂ ಹೋಗದು, ಫ್ರೀಜರ್‌ನಲ್ಲಿಟ್ಟರೂ ಹೋಗದು. ಹಾಗಾಗಿ ಯುರೋಪಿಗೆ ಹೋಗುವ ಇಂಥ ಮೀನಿನ ಪ್ರತಿ ಲಾಟ್‌ನಿಂದ ಒಂಬತ್ತು ಮಾದರಿ ತೆಗೆಯಬೇಕೆಂಬ ನಿಯಮ. ಸರಾಸರಿ ಕಿಲೋಗೆ 100 ಮಿಲಿಗ್ರಾಂ ದಾಟಬಾರದು. ಯಾವೊಂದು ಮಾದರಿಯೂ 200 ದಾಟುವಂತಿಲ್ಲ. ಲ್ಯಾಬಿನಲ್ಲಿ ಸಿಕ್ಕಿಬೀಳುವ ಈ ತಪ್ಪು ನಡೆದಿರುವುದು ಮಾತ್ರ ಎಷ್ಟೋ ದಿನ ಮುಂಚೆ, ಬೋಟಿನ ಹಲಗೆಯ ಮೇಲೆ. ನಮ್ಮ ಕಡಲಿನ ಬಿಸಿಗೆ ಮೀನಿನ ತೂಕದಷ್ಟೇ ಐಸು ಬೇಕು ಎಂದು ಮೀನುಗಾರಿಕೆ ತಜ್ಞರು ಹೇಳುತ್ತಲೇ ಬಂದಿದ್ದಾರೆ. ಆ ಐಸನ್ನೂ ಕುಡಿಯಲು ಯೋಗ್ಯವಾದ ನೀರಿನಿಂದಲೇ ಮಾಡಿರಬೇಕು.

● 1997ರಲ್ಲಿ ಐರೋಪ್ಯ ಒಕ್ಕೂಟ ಭಾರತದ ಮೀನಿಗೆ ಬಾಗಿಲು ಹಾಕಿತ್ತು. ನೈರ್ಮಲ್ಯ ಸಾಲದು ಎಂಬುದೇ ಕಾರಣ. ಆ ಪೆಟ್ಟಿನ ಬಳಿಕ ನಮ್ಮ ಘಟಕಗಳು ನೆಲ, ಗೋಡೆ, ನೀರು, ಒಳಚರಂಡಿ ಎಲ್ಲವನ್ನೂ ಹೊಸದಾಗಿ ಕಟ್ಟಿಕೊಂಡವು. ಇವತ್ತಿಗೂ ರಫ್ತು ತಪಾಸಣಾ ಮಂಡಳಿ ಒಪ್ಪಿ, ಐರೋಪ್ಯ ಒಕ್ಕೂಟದ ಪಟ್ಟಿಯಲ್ಲಿ ಹೆಸರು ಬಂದ ಘಟಕದ ಮಾಲಿಗೆ ಮಾತ್ರ ಅಲ್ಲಿ ಪ್ರವೇಶ. ಘಟಕದ ಮಾನ್ಯತಾ ಸಂಖ್ಯೆ ಪೆಟ್ಟಿಗೆಯ ಮೇಲೆ ಇರಲೇಬೇಕು.

● ಅಂಥ ಘಟಕದ ಸಿಗಡಿ ಸುಲಿಯುವ ಕೋಣೆಗೆ ಹೋಗುವ ಹೆಣ್ಣುಮಕ್ಕಳು ಬಳೆ, ಉಂಗುರ ತೆಗೆದಿಡಬೇಕು. ಉಗುರು ಕತ್ತರಿಸಿರಬೇಕು, ಕೂದಲು ಟೋಪಿಯೊಳಗಿರಬೇಕು. ಬಾಗಿಲಲ್ಲೇ ಕ್ಲೋರಿನ್ ನೀರಿನ ತೊಟ್ಟಿಯಲ್ಲಿ ಗಮ್‌ಬೂಟು ಅದ್ದಿ ಒಳಗೆ ಕಾಲಿಡಬೇಕು. ಕೈಗೊಂದು ಗಾಯವಾದರೂ ಆ ದಿನ ಮೀನು ಮುಟ್ಟುವಂತಿಲ್ಲ. ತಣ್ಣೀರಲ್ಲಿ ಇಡೀ ದಿನ ನಿಂತು ಇಷ್ಟು ಶಿಸ್ತಿನಿಂದ ದುಡಿಯುವ ಈ ಕೈಗಳ ಮೇಲೆಯೇ ಸಾವಿರಾರು ಕೋಟಿಯ ವ್ಯಾಪಾರ ನಿಂತಿದೆ. ರಫ್ತಿನ ಅಂಕಿಅಂಶ ಓದುವಾಗ ನನಗೆ ಮೊದಲು ನೆನಪಾಗುವುದು ಅವರೇ.

● ಪೆಟ್ಟಿಗೆಯ ಮೇಲೆ ‘21/25’ ಎಂದಿದ್ದರೆ ಅದು ದಿನಾಂಕವಲ್ಲ. ಒಂದು ಪೌಂಡಿಗೆ 21ರಿಂದ 25 ಸಿಗಡಿ ತೂಗುತ್ತವೆ ಎಂದರ್ಥ. ಸಂಖ್ಯೆ ಚಿಕ್ಕದಾದಷ್ಟೂ ಸಿಗಡಿ ದೊಡ್ಡದು, ಬೆಲೆಯೂ ಹೆಚ್ಚು.

● ಶೀತಲೀಕರಿಸಿದ ಮೀನಿನ ನಡುಭಾಗ ಮೈನಸ್ 18 ಡಿಗ್ರಿಯಲ್ಲಿರಬೇಕು. ಮೇಲ್ಮೈ ಮುಟ್ಟಿ ನೋಡಿ ತೀರ್ಮಾನಿಸುವುದಿಲ್ಲ, ಒಳಗಿನ ಉಷ್ಣತೆಯನ್ನೇ ಅಳೆಯುತ್ತಾರೆ.

● ಸಾಕಿದ ಸಿಗಡಿಯಲ್ಲಿ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ಕಿಲೋಗೆ 0.15 ಮೈಕ್ರೋಗ್ರಾಂ ಮುಟ್ಟಿದರೂ ಯುರೋಪಿನಲ್ಲಿ ಆ ಮಾಲು ನಿಂತುಹೋಗುತ್ತದೆ. ಒಂದು ಟನ್ ಸಿಗಡಿಯಲ್ಲಿ ಪುಡಿ ಉಪ್ಪಿನ ಎರಡು-ಮೂರು ಹರಳಿನಷ್ಟು ಔಷಧಿ ಎಂದು ಲೆಕ್ಕ ಹಾಕಿ! 2016ರಲ್ಲಿ ಐರೋಪ್ಯ ಒಕ್ಕೂಟ ನಮ್ಮ ಸಾಕಿದ ಸಿಗಡಿಯ ತಪಾಸಣೆಯನ್ನು ಶೇ 10ರಿಂದ ಶೇ 50ಕ್ಕೆ ಏರಿಸಿತು. ಹೊಂಡದಿಂದ ಸಿಗಡಿ ಎತ್ತುವ ಮುನ್ನವೇ ಪರೀಕ್ಷೆ ಮಾಡಿಸುವ ಪದ್ಧತಿ ನಮ್ಮಲ್ಲಿರುವುದು ಇದಕ್ಕಾಗಿ.

● ನಿಯಮ ಶಿಲಾಶಾಸನವಲ್ಲ. ಸಿಗಡಿಯ ಮೇವಿಗೆ ಬೆರೆಸುವ ಎಥಾಕ್ಸಿಕ್ವಿನ್ ವಿಚಾರದಲ್ಲಿ 2012ರಲ್ಲಿ ಜಪಾನ್ 0.01 ಪಿಪಿಎಂ ಮಿತಿ ಹಿಡಿದು ನಮ್ಮ ಮಾಲು ತಡೆಯಿತು. ಮಾತುಕತೆ, ವೈಜ್ಞಾನಿಕ ಪರಿಶೀಲನೆ ನಡೆದು 2014ರಲ್ಲಿ ಮಿತಿ 0.2 ಆಯಿತು. ಇಂಥ ವಾದಕ್ಕೆ ಲ್ಯಾಬು ಬೇಕು, ಓದಿದ ಜನ ಬೇಕು. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಅಂಥವರನ್ನು ತಯಾರು ಮಾಡುತ್ತಿದೆ. ಅಲ್ಲಿ ಪಾಠ ಹೇಳಿದ ಸೂಕ್ಷ್ಮಜೀವಿ ವಿಜ್ಞಾನಿ ಇಡ್ಯಾ ಕರುಣಾಸಾಗರ್ ಮುಂದೆ ರೋಮ್‌ನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯಲ್ಲಿ ಮೀನಿನ ಸುರಕ್ಷತೆ, ಗುಣಮಟ್ಟದ ಹೊಣೆ ಹೊತ್ತರು. ಕನ್ನಡ ನಾಡು ಹೆಮ್ಮೆಪಡಬೇಕಾದ ಸಂಗತಿ.

● ಜರ್ಮನಿಯಲ್ಲಿರುವ ಮಗನಿಗೆ ಏನು ಒಯ್ಯಬಹುದು? ಐರೋಪ್ಯ ಒಕ್ಕೂಟದ ನಿಯಮದಂತೆ ಸ್ವಂತ ಬಳಕೆಗೆ 20 ಕಿಲೋವರೆಗೆ ಮೀನು ಒಯ್ಯಬಹುದು. ಹಸಿ ಮೀನಾದರೆ ಹೊಟ್ಟೆ ತೆಗೆದು ಸ್ವಚ್ಛ ಮಾಡಿರಬೇಕು. ಮಾಂಸ, ಹಾಲು ಮತ್ತು ಅವುಗಳ ಪದಾರ್ಥಕ್ಕೆ ಮಾತ್ರ ನಿಷೇಧ. ಖೋವಾದಿಂದ ಮಾಡಿದ ಧಾರವಾಡ ಪೇಡೆಯೂ ಹಾಲಿನ ಪದಾರ್ಥವೇ ಎಂಬುದನ್ನು ಬ್ಯಾಗು ಕಟ್ಟುವಾಗ ನೆನಪಿಡಿ.

● ಮೀನಿಗೆ ಗಡಿ ಎಂದರೆ ವಿದೇಶದ ಗಡಿಯೇ ಆಗಬೇಕಿಲ್ಲ. 2018ರಲ್ಲಿ, ಕೆಡದಿರಲೆಂದು ಮೀನಿಗೆ ಫಾರ್ಮಾಲಿನ್ ಹಾಕುತ್ತಾರೆಂಬ ಗಲಾಟೆಯ ಬೆನ್ನಿಗೆ ಗೋವಾ ಸರ್ಕಾರ, ಹೊರರಾಜ್ಯದ ಮೀನಿಗೆ ನೋಂದಣಿ ಮತ್ತು ಶೀತ ಕಾಯುವ ವಾಹನ ಕಡ್ಡಾಯ ಮಾಡಿತು. ಕಾರವಾರದ ಮೀನು ಲಾರಿಗಳು ಗಡಿಯಲ್ಲೇ ನಿಂತವು, ಮೀನುಗಾರರು ಬೀದಿಗಿಳಿದರು. ಸಣ್ಣ ವ್ಯಾಪಾರಿಗೆ ಅಂಥ ವಾಹನ ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಹುಬ್ಬಳ್ಳಿ–ಧಾರವಾಡಕ್ಕೆ ಘಟ್ಟ ಹತ್ತಿ ಬರುವ ಮೀನಿಗೂ ಯುರೋಪಿಗೆ ಹೋಗುವ ಮೀನಿನಷ್ಟೇ ಐಸು ಸಿಗಬೇಕು. ಆ ವಾಹನಕ್ಕೆ ಸರ್ಕಾರ ನೆರವಾಗಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

● ಹಿಡಿದದ್ದೆಲ್ಲ ಕಳಿಸುವಂತಿಲ್ಲ. ಸಮುದ್ರ ಸೌತೆ, ಕಡಲಕುದುರೆಗಳಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಶಾರ್ಕ್ ರೆಕ್ಕೆಯ ರಫ್ತು 2015ರಿಂದ ನಿಷಿದ್ಧ. ಲಾಬ್ಸ್ಟರ್‌ಗೆ 2003ರಲ್ಲಿ ಜಾತಿವಾರು ಕನಿಷ್ಠ ತೂಕ ನಿಗದಿಯಾಯಿತು: ಮರಳು ಲಾಬ್ಸ್ಟರ್‌ಗೆ 150 ಗ್ರಾಂ, ಬಂಡೆ ಲಾಬ್ಸ್ಟರ್‌ಗಳಲ್ಲಿ ಒಂದು ಜಾತಿಗೆ 500 ಗ್ರಾಂ.

● ಯುರೋಪಿಗೆ ಹೋಗುವ ಕಡಲ ಮೀನಿಗೆ 2010ರ ಜನವರಿ 1ರಿಂದ ‘ಕ್ಯಾಚ್ ಸರ್ಟಿಫಿಕೇಟ್’ ಬೇಕು: ಯಾವ ಬೋಟು, ಯಾವ ಮೀನು, ಎಷ್ಟು ತೂಕ, ಎಲ್ಲಿ ಹಿಡಿದದ್ದು. ನಮ್ಮ ಅರಬ್ಬಿ ಸಮುದ್ರ ಆ ಲೆಕ್ಕದಲ್ಲಿ ‘ವಲಯ 51’. ಕಳ್ಳ ಮೀನುಗಾರಿಕೆ ತಡೆಯಲು ಬಂದ ಈ ಪತ್ರ ಸಾಕಿದ ಸಿಗಡಿಗೆ ಬೇಡ.

● ಅಮೆರಿಕದ ಷರತ್ತು ಬೇರೆ. ಸಿಗಡಿಯ ಟ್ರಾಲ್ ಬಲೆಯೊಳಗೆ ಓರೆಯಾಗಿ ಒಂದು ಸರಳಿನ ಚೌಕಟ್ಟು ಇರಬೇಕು. ಸಿಗಡಿ ಸರಳುಗಳ ಸಂದಿಯಿಂದ ಹಿಂದಕ್ಕೆ ಹೋಗುತ್ತದೆ, ಕಡಲಾಮೆ ಚೌಕಟ್ಟಿಗೆ ತಾಗಿ ಬಲೆಯ ಬಾಗಿಲಿಂದ ಹೊರಬೀಳುತ್ತದೆ. ಇದರ ವಿರುದ್ಧ ಭಾರತ, ಪಾಕಿಸ್ತಾನ, ಮಲೇಷ್ಯಾ, ಥಾಯ್ಲೆಂಡ್ ಒಟ್ಟಾಗಿ ವಿಶ್ವ ವ್ಯಾಪಾರ ಸಂಸ್ಥೆಯ ಮೆಟ್ಟಿಲೇರಿದ್ದವು. ಆಮೆ ಉಳಿಸುವ ಉದ್ದೇಶ ಸರಿ, ಜಾರಿ ಮಾಡಿದ ರೀತಿಯಲ್ಲಿ ತಾರತಮ್ಯವಿದೆ ಎಂಬ ತೀರ್ಪು 1998ರಲ್ಲಿ ಬಂತು. ಷರತ್ತು ಹೋಗಲಿಲ್ಲ. 2026ರ ಜನವರಿ 1ರಿಂದ ಇನ್ನೊಂದು ಸೇರಿದೆ: ಮೀನು ಹಿಡಿಯುವಾಗ ಡಾಲ್ಫಿನ್, ತಿಮಿಂಗಿಲಗಳಿಗೆ ಆಗುವ ಹಾನಿ ತಡೆಯಲು ಅಮೆರಿಕದ್ದಕ್ಕೆ ಸಮನಾದ ಕ್ರಮ ತನ್ನಲ್ಲಿದೆ ಎಂದು ಮೀನು ಮಾರುವ ದೇಶವೇ ತೋರಿಸಿಕೊಡಬೇಕು.