ಹಲ್ಲಿನ ಪಾದರಸದಿಂದ ಕಿಡ್ನಿಗೆ ಅಪಾಯವೇ?

ಹುಳುಕು ಹಲ್ಲಿಗೆ ಹಾಕುವ ಬೆಳ್ಳಿ ಬಣ್ಣದ ಸಿಮೆಂಟಿನ ಹೆಸರು ಅಮಾಲ್ಗಮ್. ಅದರ ತೂಕದಲ್ಲಿ ಸುಮಾರು ಅರ್ಧ ಪಾದರಸ. ಉಳಿದದ್ದು ಬೆಳ್ಳಿ, ತವರ, ತಾಮ್ರ. ಇದನ್ನು ತಿಳಿದ ಮೇಲೆ ನನ್ನ ಉಮ್ಮ, ಕಿಡ್ನಿ ಹಾಳಾದೀತೆಂದು ಹೆದರಿ ತಮ್ಮ ಹಲ್ಲಿನ ಹಳೆಯ ಸಿಮೆಂಟನ್ನು ತೆಗೆಸುವ ಯೋಚನೆಯಲ್ಲಿದ್ದಾರೆ. ಈ ಭಯದಲ್ಲಿ ಎಷ್ಟು ನಿಜವಿದೆ?

ನಾವು ಅಗಿಯುವಾಗ ಅಮಾಲ್ಗಮ್‌ನಿಂದ ಅತ್ಯಲ್ಪ ಪಾದರಸದ ಆವಿ ಹೊರಬರುತ್ತದೆ. ಅದು ಉಸಿರಿನ ಮೂಲಕ ಶ್ವಾಸಕೋಶಕ್ಕೆ, ಅಲ್ಲಿಂದ ರಕ್ತಕ್ಕೆ ಸೇರುತ್ತದೆ. ಹೀಗೆ ಬಂದ ಪಾದರಸ ಹೆಚ್ಚಾಗಿ ಶೇಖರವಾಗುವುದು ಕಿಡ್ನಿಯಲ್ಲೇ. ನಂತರ ನಿಧಾನವಾಗಿ ಮೂತ್ರದಲ್ಲಿ ಹೊರಹೋಗುತ್ತದೆ. ಹಾಗಾಗಿ ಉಮ್ಮನ ಪ್ರಶ್ನೆ ಸರಿಯಾದದ್ದೇ. ಆದರೆ ವಿಷ ಯಾವುದಿದ್ದರೂ ನೋಡಬೇಕಾದದ್ದು ಪ್ರಮಾಣ.

2006ರಲ್ಲಿ ಎರಡು ದೊಡ್ಡ ಅಧ್ಯಯನಗಳು ಪ್ರಕಟವಾದವು. ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ 507 ಮಕ್ಕಳನ್ನು 7 ವರ್ಷ, ಅಮೆರಿಕದಲ್ಲಿ 534 ಮಕ್ಕಳನ್ನು 5 ವರ್ಷ ಗಮನಿಸಲಾಯಿತು. ಅರ್ಧ ಮಕ್ಕಳಿಗೆ ಅಮಾಲ್ಗಮ್, ಉಳಿದವರಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್. ಅಮಾಲ್ಗಮ್ ಗುಂಪಿನ ಮೂತ್ರದಲ್ಲಿ ಪಾದರಸ ತುಸು ಹೆಚ್ಚಿತ್ತು. ಅಮೆರಿಕದ ಮಕ್ಕಳಲ್ಲಿ ಕೆಲವರ ಮೂತ್ರದಲ್ಲಿ ಅಲ್ಬುಮಿನ್ ಸ್ವಲ್ಪ ಹೆಚ್ಚು ಕಂಡಿತಾದರೂ ಕಿಡ್ನಿ ಹಾನಿಯ ಬೇರೆ ಲಕ್ಷಣಗಳಲ್ಲಿ ವ್ಯತ್ಯಾಸವಿರಲಿಲ್ಲ. ಲಿಸ್ಬನ್‌ನಲ್ಲಿ ಅದೂ ಕಾಣಲಿಲ್ಲ.

ಆದರೂ ಕೆಲವರು ಎಚ್ಚರ ವಹಿಸಬೇಕು. ಈಗಾಗಲೇ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಮಕ್ಕಳಿಗೆ ಹೊಸದಾಗಿ ಅಮಾಲ್ಗಮ್ ಬೇಡವೆಂದು ಅಮೆರಿಕದ ಎಫ್‌ಡಿಎ 2020ರಲ್ಲಿ ಸಲಹೆ ನೀಡಿತು. ಆದರೆ ಗಟ್ಟಿಯಾಗಿರುವ ಹಳೆಯ ಸಿಮೆಂಟನ್ನು ಸುಮ್ಮನೆ ತೆಗೆಸಬಾರದೆಂದೂ ಅದೇ ಸಂಸ್ಥೆ ಹೇಳಿದೆ. ಕೊರೆಯುವಾಗಲೇ ಆವಿ ಹೆಚ್ಚು ಹೊರಡುತ್ತದೆ, ಒಳ್ಳೆಯ ಹಲ್ಲೂ ಸವೆಯುತ್ತದೆ.

ಪಾದರಸದಿಂದ ಕಿಡ್ನಿ ನಿಜವಾಗಿ ಕೆಟ್ಟ ಉದಾಹರಣೆ ನಮ್ಮ ಪಕ್ಕದ ಕೇರಳದಲ್ಲೇ ಇದೆ. ಕಾರಣ ಹಲ್ಲಲ್ಲ, ಮುಖಕ್ಕೆ ಹಚ್ಚುವ ಕ್ರೀಮ್. ಕಿಡ್ನಿಯ ಸೋಸುವ ಪದರ ಕೆಟ್ಟು ಮೂತ್ರದಲ್ಲಿ ಪ್ರೋಟೀನ್ ಸೋರುವ ಮೆಂಬ್ರೇನಸ್ ನೆಫ್ರೋಪತಿ ಎಂಬ ಕಾಯಿಲೆ ಇದ್ದ 22 ಜನರನ್ನು ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರಿಂದ 2023ರವರೆಗೆ ಪರೀಕ್ಷಿಸಿದರು. 15 ಜನರಲ್ಲಿ ಅದು 'ನೆಲ್-1' ಎಂಬ ಅಪರೂಪದ ಬಗೆಯದಾಗಿತ್ತು. ಆ 15ರಲ್ಲಿ 13 ಮಂದಿ ಬಿಳಿಯಾಗಲು ಫೇರ್‌ನೆಸ್ ಕ್ರೀಮ್ ಹಚ್ಚುತ್ತಿದ್ದರು. ಕ್ರೀಮ್ ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಆದ್ದರಿಂದ ಗೆಳೆಯರೇ, ಸಿಮೆಂಟ್ ಹಾಕಿದ ಹಲ್ಲಿನ ಬಗ್ಗೆ ಸಂಶಯವಿದ್ದರೆ ದಂತವೈದ್ಯರನ್ನು ಕೇಳಿ. ದೇರಳಕಟ್ಟೆಯಲ್ಲೇ ದಂತ ವೈದ್ಯಕೀಯ ಕಾಲೇಜುಗಳಿವೆ. ತಯಾರಕರ ಹೆಸರು, ವಿಳಾಸ, ಒಳಗೇನಿದೆ ಎಂಬ ವಿವರ ಇಲ್ಲದ ಕ್ರೀಮ್ ಮಾತ್ರ ಯಾರು ಕೊಟ್ಟರೂ ಹಚ್ಚಬೇಡಿ. ಹಚ್ಚುತ್ತಿರುವವರಿಗೆ ಕಾಲು ಊದಿದರೆ, ಮೂತ್ರದಲ್ಲಿ ನೊರೆ ಹೆಚ್ಚಾದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕ್ರೀಮಿನ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.