ಕಡಲು ಕಾಯುತ್ತದೆಯೇ? ಫರೋ ದ್ವೀಪಗಳ ಎರಡು ಪಿಡುಗುಗಳು

ಒಬ್ಬರಿಂದೊಬ್ಬರಿಗೆ ದಾಟಿ ಒಂದು ಸೀಮೆಯಲ್ಲಿ ಒಮ್ಮೆಲೇ ಹಬ್ಬುವ ರೋಗ ಸಾಂಕ್ರಾಮಿಕ. ಖಂಡಗಳನ್ನು ದಾಟಿದರೆ ಜಾಗತಿಕ ಪಿಡುಗು. ವ್ಯಾಖ್ಯೆ ಇಷ್ಟೇ ಸಾಕು. ಜನ ಎಡವುವುದು ಬೇರೆ ಕಡೆ: ‘ದೂರದ ಊರಿಗೆ ರೋಗ ಬರುವುದಿಲ್ಲ, ಬಂದರೂ ಶುದ್ಧ ಗಾಳಿ ಕುಡಿದು ಬೆಳೆದ ಗಟ್ಟಿ ಜನ ತಡೆದುಕೊಳ್ಳುತ್ತಾರೆ’ ಎಂಬ ನಂಬಿಕೆಯಲ್ಲಿ. ಇದನ್ನು ಒರೆಗೆ ಹಚ್ಚಲು ಫರೋ ದ್ವೀಪಗಳಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಸ್ಕಾಟ್ಲೆಂಡ್ ಮತ್ತು ಐಸ್‌ಲ್ಯಾಂಡ್ ನಡುವಣ ಕಡಲಿನಲ್ಲಿ 18 ದ್ವೀಪಗಳು. ಡೆನ್ಮಾರ್ಕ್ ದೊರೆತನಕ್ಕೆ ಸೇರಿದ್ದರೂ 1948ರಿಂದ ಸ್ವಯಮಾಡಳಿತ.

1846ರ ಮಾರ್ಚ್ ಕೊನೆಗೆ ಕೋಪನ್‌ಹೇಗನ್‌ನಿಂದ ಬಡಗಿಯೊಬ್ಬ ರಾಜಧಾನಿ ಟೋರ್ಶಾವ್ನ್‌ಗೆ ಬಂದಿಳಿದ. ಇಳಿದಾಗ ಆರೋಗ್ಯವಾಗಿಯೇ ಇದ್ದ. ಕೆಲವೇ ದಿನಗಳಲ್ಲಿ ಅವನಿಗೆ ದಡಾರ ಎದ್ದಿತು. ಆಗ ದ್ವೀಪಗಳ ಜನ 7,782. ಕೆಲವು ತಿಂಗಳಲ್ಲಿ ಅವರಲ್ಲಿ 6,000ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. ಡೆನ್ಮಾರ್ಕ್ ಸರ್ಕಾರ ಕಳಿಸಿದ ವೈದ್ಯರಲ್ಲಿ 25 ವರ್ಷದ ಪೀಟರ್ ಲುಡ್ವಿಗ್ ಪಾನಮ್ ಒಬ್ಬ. ವೈರಸ್ ಎಂಬ ಕಲ್ಪನೆಯೇ ಇಲ್ಲದ ಕಾಲದಲ್ಲಿ ಅವನು ಊರೂರು ಸುತ್ತಿ, ಯಾರು ಯಾರನ್ನು ಯಾವ ದಿನ ಭೇಟಿಯಾದರು, ಮೈಮೇಲೆ ದದ್ದು ಯಾವ ದಿನ ಎದ್ದಿತು ಎಂದು ಕೇಳಿ ಬರೆದುಕೊಂಡ.

ಅವನ ಟಿಪ್ಪಣಿಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಚೋರ್ನುವೀಕ್ ಎಂಬ ಹಳ್ಳಿಯ ಹತ್ತು ಗಂಡಸರು ಒಂದೇ ದೋಣಿಯಲ್ಲಿ ಜೂನ್ 4ರಂದು ವೆಸ್ಟ್‌ಮನ್ನಾದ ತಿಮಿಂಗಿಲ ಬೇಟೆಗೆ ಹೋಗಿದ್ದರು. ಜೂನ್ 18ರಂದು ಹತ್ತೂ ಮಂದಿಗೆ ದದ್ದು ಎದ್ದಿತು. ಸರಿಯಾಗಿ ಹದಿನಾಲ್ಕು ದಿನ! ಮತ್ತೆ ಸುಮಾರು ಎರಡು ವಾರ ಕಳೆಯುವಷ್ಟರಲ್ಲಿ ಹಳ್ಳಿಯ ಉಳಿದವರ ಸರದಿ. ಸೋಂಕು ತಗಲುವುದಕ್ಕೂ ರೋಗ ಕಾಣುವುದಕ್ಕೂ ನಡುವೆ ಲೆಕ್ಕ ಹಾಕಬಹುದಾದ ಅವಧಿ ಇದೆ, ದಡಾರ ಕೆಟ್ಟ ಗಾಳಿಯಿಂದಲ್ಲ, ಮನುಷ್ಯರಿಂದ ಮನುಷ್ಯರಿಗೆ ಬರುತ್ತದೆ ಎಂಬುದಕ್ಕೆ ಇಂಥ ಪುರಾವೆ ದೊಡ್ಡ ನಗರದ ಗದ್ದಲದಲ್ಲಿ ಸಿಗುತ್ತಿರಲಿಲ್ಲ.

ಇನ್ನು ಆ ನಂಬಿಕೆಯ ವಿಚಾರ. ಅಲ್ಲಿಗೆ ದಡಾರ ಹಿಂದೆ ಬಂದಿದ್ದು 1781ರಲ್ಲಿ. ಸಣ್ಣ ಜನಸಮುದಾಯದಲ್ಲಿ ದಡಾರದ ವೈರಸ್ ನೆಲೆ ನಿಲ್ಲಲಾರದು. ಸಿಕ್ಕವರಿಗೆಲ್ಲ ತಗಲಿದ ಮೇಲೆ ಹೊಸ ಮೈ ಸಿಗದೆ ಅಳಿದುಹೋಗುತ್ತದೆ. ಆದರೆ ಹೆರಿಗೆಗಳು ನಿಲ್ಲುವುದಿಲ್ಲವಲ್ಲ. 65 ವರ್ಷಗಳಲ್ಲಿ ಹುಟ್ಟಿದವರಲ್ಲಿ ಅಲ್ಲೇ ಉಳಿದವರ ಮೈಗೆ ಈ ರೋಗದ ಪರಿಚಯವೇ ಇರಲಿಲ್ಲ. 1781ರಲ್ಲಿ ದಡಾರ ಬಂದುಹೋಗಿದ್ದ ಮುದುಕ ಮುದುಕಿಯರಲ್ಲಿ ಒಬ್ಬರಿಗೂ ಅದು ಮರುಕಳಿಸಿದ್ದು ಪಾನಮ್‌ಗೆ ಕಂಡುಬರಲಿಲ್ಲ. ಆಗ ತಪ್ಪಿಸಿಕೊಂಡಿದ್ದ ಮುದುಕರಿಗೋ ಈ ಸಲ ತಪ್ಪಲಿಲ್ಲ. ಅಂದರೆ ಕಾಪಾಡಿದ್ದು ವಯಸ್ಸೂ ಅಲ್ಲ, ಗಟ್ಟಿ ಮೈಯೂ ಅಲ್ಲ. ಹಳೆಯ ಸೋಂಕು ಬಿಟ್ಟುಹೋದ ರೋಗನಿರೋಧಕ ಶಕ್ತಿ. ಕಡಲು ರೋಗವನ್ನು ತಡವಾಗಿಸಿತ್ತು, ಅಷ್ಟೇ. ತಡವಾದಷ್ಟೂ ಸೋಂಕಿಗೆ ಈಡಾಗಬಲ್ಲವರ ಸಂಖ್ಯೆ ಬೆಳೆದಿತ್ತು.

ಕೋವಿಡ್‌ನಲ್ಲಿ ಇದೇ ದ್ವೀಪಗಳು ಆ ತಡವನ್ನು ಬಳಸಿಕೊಂಡ ಬಗೆ ನೋಡಿ. 2000ದ ನಂತರದ ವರ್ಷಗಳಲ್ಲಿ ವೈರಸ್ ರೋಗವೊಂದು ಅಲ್ಲಿನ ಸಾಲ್ಮನ್ ಮೀನು ಸಾಕಣೆಯನ್ನು ನೆಲಕಚ್ಚಿಸಿತ್ತು. ಅದನ್ನು ಪತ್ತೆಹಚ್ಚಲು ಪಶುವೈದ್ಯ ಪ್ರಯೋಗಾಲಯ ಸಜ್ಜಾಗಿತ್ತು. ಪಿಸಿಆರ್ ಯಂತ್ರಕ್ಕೆ ಮೀನಿನ ವೈರಸ್ಸೂ ಒಂದೇ, ಮನುಷ್ಯರದ್ದೂ ಒಂದೇ; ಹುಡುಕಬೇಕಾದ ಆನುವಂಶಿಕ ತುಣುಕಿಗೆ ಹೊಂದುವ ರಾಸಾಯನಿಕಗಳನ್ನು ಬದಲಿಸಿದರಾಯಿತು. ಅಲ್ಲಿನ ತಜ್ಞ ಡೆಬೆಸ್ ಕ್ರಿಸ್ಟಿಯಾನ್ಸೆನ್ ಸೋಂಕು ಕಾಲಿಡುವ ಮೊದಲೇ ಈ ಸಿದ್ಧತೆ ಮಾಡಿಕೊಂಡಿದ್ದರು. 2020ರ ಮಾರ್ಚ್ ಆರಂಭದಲ್ಲಿ ಮೊದಲ ಪ್ರಕರಣ. ಪರೀಕ್ಷೆ, ಸಂಪರ್ಕಿತರ ಪತ್ತೆ, ಕ್ವಾರಂಟೈನ್ ಬೆನ್ನುಬೆನ್ನಿಗೆ ನಡೆದವು. ಮೊದಲ ಅಲೆ 187 ಪ್ರಕರಣಗಳಿಗೆ ಏಪ್ರಿಲ್‌ನಲ್ಲೇ ನಿಂತಿತು, ಒಂದೂ ಸಾವಿಲ್ಲದೆ.

ಕಥೆಯನ್ನು ಇಲ್ಲಿಗೇ ನಿಲ್ಲಿಸುವವರಿದ್ದಾರೆ, ಅದು ತಪ್ಪು. 2022ರ ಹೊತ್ತಿಗೆ ಓಮೈಕ್ರಾನ್ ಅಲ್ಲಿಯೂ ಮನೆಮನೆ ಹೊಕ್ಕಿತು. ಸುಮಾರು 53 ಸಾವಿರ ಜನರಲ್ಲಿ ದಾಖಲಾದ ಪ್ರಕರಣಗಳೇ 34 ಸಾವಿರಕ್ಕೂ ಹೆಚ್ಚು. ಅಷ್ಟರಲ್ಲಿ ಲಸಿಕೆ ಬಹುಪಾಲು ಜನರನ್ನು ತಲುಪಿಯಾಗಿತ್ತು. ಸತ್ತವರು ಮೂವತ್ತರ ಒಳಗೆ. 1846ರಲ್ಲಿ 65 ವರ್ಷದ ಬಿಡುವು ಸಿಕ್ಕಿದ್ದರೂ ಕೈಯಲ್ಲಿ ಏನೂ ಇರಲಿಲ್ಲ. 2020ರಲ್ಲಿ ಉಳಿಸಿಕೊಂಡ ತಿಂಗಳುಗಳು ಲಸಿಕೆಗೆ ದಾರಿ ಕೊಟ್ಟವು.

ಪಾನಮ್ ವರದಿ ಇಂದಿಗೂ ಓದಿಸಿಕೊಳ್ಳುತ್ತದೆ, ಇಂಗ್ಲಿಷಿನಲ್ಲಿ ಸಿಗುತ್ತದೆ. ವೈದ್ಯ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡುವವರು ದಯವಿಟ್ಟು ಅದನ್ನೊಮ್ಮೆ ಓದಿ. ನಿಮ್ಮ ತಾಲ್ಲೂಕಿನಲ್ಲಿ ಮುಂದಿನ ಸಲ ಜ್ವರ ಹಬ್ಬಿದಾಗ ಯಾರು, ಎಲ್ಲಿ, ಯಾವ ದಿನ ಎಂದು ಬರೆದಿಡಲು ಮೊದಲ ದಿನದಿಂದಲೇ ಶುರುಮಾಡಿ.